ಮೇಷ್ಟ್ರು ಇಳಿಯುವಷ್ಟು ಹೊತ್ತು

ಕ್ವಾಯ್ ಚುಂಗ್‌ನ ಆ ಕಾರ್ಖಾನೆ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ಜನವರಿಯ ಚಳಿ ನೆಲದಿಂದಲೇ ಏಳುತ್ತಿತ್ತು. ಫಂಗ್ ಕಿಟ್-ಯಿಂಗ್ ಪಿಸ್ತೂಲಿಗೆ ಗುಂಡು ತುಂಬುವ ಎರಡು ಮ್ಯಾಗಜೀನುಗಳನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಸರಕಿನ ಲಿಫ್ಟಿನಿಂದ ಹೊರಬಂದಳು. ತಾನು ಓಡಿಸುವ ಮಿನಿಬಸ್ಸಿನ ಎಂಜಿನ್ ಮುಚ್ಚಳದ ಮೇಲೆ, ಊಟದ ಡಬ್ಬಿಯ ಪಕ್ಕದಲ್ಲೇ ಅವನ್ನೂ ಬೆಚ್ಚಗೆ ಇಟ್ಟುಕೊಂಡು ಬಂದಿದ್ದಳು.

"ಮುಟ್ಟಿ ನೋಡಿ ಮೇಷ್ಟ್ರೇ, ಹೇಗಿದೆ ಶಾಖ."

ಸೆಕ್ ಮೇಷ್ಟ್ರು ಮುಟ್ಟಲಿಲ್ಲ. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಈ ಶೂಟಿಂಗ್ ಅಂಗಳ ಅವರದೇ. "ಹತ್ತು ಗುಂಡಿಗೆ ಆರಿಹೋಗತ್ತೆ. ಆಮೇಲೆ ಏನ್ ಮಾಡ್ತೀಯ?"

ಇಲ್ಲಿನ ಪಿಸ್ತೂಲುಗಳಲ್ಲಿ ಮದ್ದಿಲ್ಲ. ಮ್ಯಾಗಜೀನಿನೊಳಗಿನ ದ್ರವ ಆವಿಯಾಗಿ ಪ್ಲಾಸ್ಟಿಕ್ ಗುಂಡನ್ನು ತಳ್ಳುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ತನ್ನಿಂದಲೇ ಕಿತ್ತುಕೊಳ್ಳುವುದರಿಂದ ಪ್ರತಿ ಹೊಡೆತಕ್ಕೂ ಇನ್ನಷ್ಟು ತಣ್ಣಗಾಗುತ್ತದೆ. ಅವಸರದಲ್ಲಿ ಹೊಡೆದಷ್ಟೂ ಒತ್ತಡ ಕುಸಿದು ಗುಂಡು ಗುರಿಗಿಂತ ಕೆಳಗೆ ಬೀಳುತ್ತದೆ. ಹೋದ ವರ್ಷ ಯಿಂಗ್ ಸೋತದ್ದು ಹಾಗೆಯೇ. ಗಡಿಯಾರ ನಿಲ್ಲಿಸುವ ಕೊನೆಯ ತಗಡಿಗೆ ಹನ್ನೊಂದು ಗುಂಡು ಸುರಿದಿದ್ದಳು. ಒಂದಕ್ಕಿಂತ ಒಂದು ಕೆಳಗೆ ಬಿದ್ದಿತ್ತು.

ನಗರದ ತಂಡದಲ್ಲಿ ನಾಲ್ಕು ಜಾಗ, ಮೂರು ತುಂಬಿದ್ದವು. ನಾಲ್ಕನೆಯದಕ್ಕೆ ಅವಳೂ ದಂತವೈದ್ಯ ಮೊಕ್ ಕೂಡ ಸರಿಸಮನಾಗಿ ಕೊನೆಯ ಸುತ್ತಿಗೆ ಬಂದಿದ್ದರು. ಅವಳಿಗೆ ಐವತ್ತೊಂದು. ಮುಂದಿನ ವರ್ಷ ಈ ಮಂಡಿಗಳು ಇಷ್ಟು ಬಗ್ಗುತ್ತವೋ ಇಲ್ಲವೋ.

"ಯಿಂಗಕ್ಕ, ಇವತ್ತು ಸಿಗ್ನಲ್ ಹಾರಿಸ್ಬೇಡಿ," ಎಂದ ಮೊಕ್, ತನ್ನ ಸುತ್ತು ಮುಗಿಸಿ ಹಾಲುಚಹಾ ಹೀರುತ್ತ.

"ನೀವು ಹಲ್ಲು ಕೀಳೋವಾಗ ಮರಗಟ್ಟೋ ತನಕ ಕಾಯ್ತೀರಾ ಡಾಕ್ಟ್ರೇ?"

"ಕಾಯದೇ ಇದ್ರೆ ಪೇಷಂಟು ಎದ್ದು ಓಡ್ತಾನಲ್ಲ."

ಅವನ ಫಲಿತಾಂಶ ಹಲಗೆಯ ಮೇಲಿತ್ತು. ಪಡೆದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದ್ದು: 6.37.

ಮೇಷ್ಟ್ರು ಅವಳಿಗೆ ಸಿಕ್ಕಿದ್ದು ಬಸ್ಸಿನಲ್ಲೇ. ಎರಡು ವರ್ಷದ ಹಿಂದೆ, ಅವರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿರುವಾಗಲೇ ಅವಳು ಬ್ರೇಕ್ ಬಿಟ್ಟಿದ್ದಳು. ಅವರು ಬೈಯಲಿಲ್ಲ. "ಕೈ ಚುರುಕಾಗಿದೆ ಕಣಮ್ಮ. ಭಾನುವಾರ ಬಾ," ಎಂದಿದ್ದರು. ಬಂದವಳಿಗೆ ಮೊದಲ ತಿಂಗಳು ಪಿಸ್ತೂಲು ಕೊಡಲೇ ಇಲ್ಲ. ವಯಸ್ಸಾದವರು ಬಸ್ಸಿಂದ ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಎಣಿಸಿ ಹೇಳಬೇಕಿತ್ತು, ಅಷ್ಟೇ. ಮೇಷ್ಟ್ರಿಗೆ ನಾಲ್ಕು. ಕೋಲು, ಎಡಗಾಲು, ನೋಯುವ ಬಲಗಾಲು, ಆಮೇಲೆ ಕಂಬಿ ಬಿಡುವ ಕೈ.

"ಸಿದ್ಧಾನಾ?" ಎಂದರು ತೀರ್ಪುಗಾರರು.

ಬಜರ್ ಕೂಗಿತು. ಯಿಂಗ್ ಓಡಿದಳು. ಕಿಟಕಿಯಿಂದ ಎರಡು ಗುರಿ, ಗೋಡೆಯ ಅಂಚಿನಿಂದ ಮೂರು, ಮಂಡಿಯೂರಿ ಮತ್ತೆರಡು. ಓಡುತ್ತಲೇ ಮ್ಯಾಗಜೀನು ಬದಲಿಸಿದಳು. ಒಂದೊಂದು ಕಾಗದದ ಗುರಿಗೂ ಎರಡೆರಡು ಗುಂಡು ನಡುವಿಗೇ ಬಿದ್ದವು. ಹದಿಮೂರನೇ ಸೆಕೆಂಡಿಗೆ ಕೊನೆಯ ಗೆರೆಗೆ ಬಂದು ನಿಂತಾಗ ಉಳಿದಿದ್ದದ್ದು ದೂರದ ಆ ತಗಡೊಂದೇ.

ಹೊಡೆದಳು. ಸದ್ದಿಲ್ಲ. ಗುಂಡು ತಗಡಿನ ಕೆಳ ಅಂಚಿನಡಿ ಹಾದುಹೋಯಿತು. ಇನ್ನೊಂದು ಹೊಡೆದಳು. ಅದು ಮತ್ತೂ ಒಂದು ಗೇಣು ಕೆಳಗೆ.

ಕೈಯೊಳಗಿನ ಮ್ಯಾಗಜೀನು ಮಂಜುಗಡ್ಡೆಯಾಗಿತ್ತು. ಬೇರೆ ಉಳಿದಿರಲಿಲ್ಲ. ಬೆರಳು ಹೊಡಿ, ಹೊಡಿ ಎಂದು ಮಿಡುಕುತ್ತಿತ್ತು. ಗುರಿಯನ್ನು ಮೇಲೆತ್ತಬಹುದಿತ್ತು, ಎಷ್ಟು ಎತ್ತಬೇಕೆಂದು ಯಾರು ಹೇಳುವವರು?

ಬೆರಳನ್ನು ಸಡಿಲಿಸಿದಳು. ಮ್ಯಾಗಜೀನಿಗೆ ಮತ್ತೆ ಶಾಖ ತಗಲಲೆಂದು ಎಡಗೈಯನ್ನು ಹಿಡಿಯ ಸುತ್ತ ಬಿಗಿಯಾಗಿ ಒತ್ತಿ ನಿಂತಳು. ಗಡಿಯಾರ ಓಡುತ್ತಿತ್ತು. ಹಿಂದೆ ಯಾರೋ, "ಕೆಟ್ಟೋಯ್ತು, ಪಾಪ," ಎಂದರು.

ಕೋಲು.

ಎಡಗಾಲು.

ಬಲಗಾಲು. ಅದು ಮೆಟ್ಟಿಲ ಮೇಲೆ ಕೊಂಚ ತಡೆಯುತ್ತದೆ, ತಡೆಯಲಿ.

ಕಂಬಿ ಬಿಟ್ಟ ಕೈ.

ಹೊಡೆದಳು. ತಗಡು ಠಣ್ ಎಂದಿತು.

"ಮುಗಿದಿದ್ರೆ ಖಾಲಿ ಮಾಡಿ ತೋರ್ಸಿ."

ತೋರಿಸಿದಳು. ಹದಿನೆಂಟು ಪಾಯಿಂಟ್ ನಾಲ್ಕು ಸೆಕೆಂಡು, ನೂರ ಹದಿನೆಂಟು ಅಂಕ. ತೀರ್ಪುಗಾರರು ಭಾಗಿಸಿ ನೋಡಿ, ಇನ್ನೊಮ್ಮೆ ಭಾಗಿಸಿ, ಹಲಗೆಯ ಮೇಲೆ ಬರೆದರು: 6.41.

ಮೊಕ್ ಚಹಾದ ಲೋಟ ಕೆಳಗಿಟ್ಟು ಹಲಗೆಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಂದು ಕೈ ಕುಲುಕಿದ. "ಅಲ್ಲಕ್ಕ, ಅಷ್ಟೊತ್ತು ಸುಮ್ನೆ ನಿಂತ್ರಲ್ಲ. ಪಿಸ್ತೂಲು ಕೈಕೊಡ್ತು ಅಂದ್ಕೊಂಡೆ. ಏನಾಯ್ತು?"

ಯಿಂಗ್ ಗೋಡೆ ಬದಿಯ ಕುರ್ಚಿಯತ್ತ ನೋಡಿದಳು. ಸೆಕ್ ಮೇಷ್ಟ್ರು ಕೋಲಿಗೆ ಗಲ್ಲ ಆನಿಸಿ ಕೂತಿದ್ದರು.

"ಏನಿಲ್ಲ ಡಾಕ್ಟ್ರೇ," ಎಂದಳು. "ಮೇಷ್ಟ್ರು ಇಳೀತಿದ್ರು."