ಮಡಿಲಿಗಿಟ್ಟ ಸಸಿ

ರಾಯಲ್ಪಾಡಿನ ಅಶ್ವತ್ಥಪ್ಪ ಕಸಿ ಕಟ್ಟಿದರೆ ಒಣಕಡ್ಡಿಯೂ ಚಿಗುರುತ್ತದೆ ಎಂಬ ಮಾತಿತ್ತು. ಆ ಹೊಗಳಿಕೆಯೇ ಅವನ ತಲೆ ಕೆಡಿಸಿದ್ದು. ಮೂರು ವರ್ಷದ ಹಿಂದೆ ಬೆಳೆಗೆ ಹೊಡೆಯುವ ಔಷಧಿ ಅಂಗಡಿಯವರು ರೈತರನ್ನು ಥಾಯ್ಲೆಂಡಿಗೆ ಕರೆದೊಯ್ದಾಗ ಉಳಿದವರು ಬೊಂಬೆ, ಸೆಂಟು ಕೊಂಡರು. ಇವನು ಅಲ್ಲಿನ ತೋಟವೊಂದರಲ್ಲಿ ಮಾವಿನ ನಾಲ್ಕು ಕಡ್ಡಿ ಮುರಿದು, ಒದ್ದೆ ಬಟ್ಟೆ ಸುತ್ತಿ, ಕಾಲುಚೀಲಕ್ಕೆ ತುರುಕಿಕೊಂಡು ಬಂದ. ಗಿಡ, ಬೀಜ, ಮಣ್ಣು ತಂದಿದ್ದರೆ ತಿಳಿಸಿ ಎಂದು ವಿಮಾನ ನಿಲ್ದಾಣದಲ್ಲಿ ಬೋರ್ಡೇ ಇತ್ತು. ಅಲ್ಲಿದ್ದ ಅಧಿಕಾರಿ ಬಾಯಿಬಿಟ್ಟೂ ಕೇಳಿದಳು.

"ಹೊರಗಿನ ರೋಗ ಕಣ್ಣಿಗೆ ಕಾಣಲ್ಲ ಯಜಮಾನ್ರೇ. ಏನಾದ್ರೂ ಇದ್ರೆ ಇಲ್ಲೇ ಕೊಟ್ಬಿಡಿ."

"ಏನೂ ಇಲ್ಲಮ್ಮ" ಎಂದ ಅಶ್ವತ್ಥಪ್ಪ. ಮಾವಿನ ರೋಗ ನನಗೆ ಕಾಣದೆ ಇವಳಿಗೆ ಕಾಣುತ್ತದೆಯೇ ಎಂದು ಒಳಗೊಳಗೇ ನಕ್ಕ.

ಕಟ್ಟಿದ ನಾಲ್ಕರಲ್ಲಿ ಒಂದು ಚಿಗುರಿತು. ಮರುವರ್ಷ ಮಗಳು ಮೌನಿಕಾಳನ್ನು ಯಲ್ದೂರಿಗೆ ಕೊಟ್ಟ. ಮಡಿಲಕ್ಕಿ ಕಟ್ಟಿದ ಮೇಲೆ ಆ ಸಸಿಯನ್ನೂ ಮಡಿಲಿಗಿಟ್ಟು, "ಯಾರ ಹತ್ರಾನೂ ಇಲ್ದಿರೋ ತಳಿ ಕಣಮ್ಮ. ನಿಮ್ಮ ತೋಟದ ನಡುಮಧ್ಯೆ ನೆಡು" ಎಂದ. ಎಲ್ಲಿಂದ ತಂದದ್ದೆಂದು ಹೇಳಲಿಲ್ಲ.

ಈ ವರ್ಷ ಯಲ್ದೂರಿನ ತೋಟ ನಡುಮಧ್ಯದಿಂದಲೇ ಒಣಗತೊಡಗಿತು. ಕಾಂಡದಲ್ಲಿ ಕಪ್ಪು ಅಂಟು, ತುದಿ ಸುಟ್ಟ ಎಲೆ. ಎಲ್ಲ ಅಳಿಯನ ತಾತನ ಕಾಲದ ಮರಗಳು. ನೋಡಲು ಹೋದ ಅಶ್ವತ್ಥಪ್ಪನಿಗೆ ಮಗಳು ನೆಟ್ಟ ಗಿಡದಲ್ಲೇ ಎಲ್ಲಕ್ಕಿಂತ ಹಳೆಯ ಅಂಟು ಕಂಡಿತು. ಕಂಡೂ ಬಾಯಿ ಮುಚ್ಚಿಕೊಂಡು ಊರಿಗೆ ಬಂದ, ಹೇಡಿ.

ಬೀಗಿತ್ತಿ ಭಾರತಮ್ಮ ಇದು ಸೊಸೆಯ ಕಾಲ್ಗುಣ ಎಂದಳು. ಊರೂ ಹೌದೆಂದಿತು. ಮೌನಿಕಾ ತೋಟಕ್ಕೆ ಕಾಲಿಡಬಾರದು, ಆಮೇಲೆ ಜೊತೆಗೆ ಕೂತು ಉಣ್ಣಲೂಬಾರದು ಎಂದಾಯಿತು. ಇದನ್ನೆಲ್ಲ ಹೇಳಿದವರು ನೆಂಟರು. ಫೋನು ಮಾಡಿದರೆ ಅವಳು, "ಏನೂ ಇಲ್ಲಪ್ಪ, ಚೆನ್ನಾಗಿದ್ದೀನಿ" ಅನ್ನುತ್ತಿದ್ದಳು.

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಹೊತ್ತುಹೊತ್ತಿಗೆ ಮುದ್ದೆ ಉಣ್ಣುತ್ತಿದ್ದ, ಅನುಭವಿಸುತ್ತಿದ್ದವಳು ಮಗಳು. ಕೊನೆಗೆ ಅವನಿಗೆ ತುತ್ತು ಇಳಿಯದಾಯಿತು. ತನ್ನ ಹೆಸರು ಹಾಳಾಗಲಿ, ಮಗಳ ಬಾಳು ಉಳಿಯಲಿ ಎಂದು ಬಸ್ಸು ಹತ್ತಿದ.

ತೋಟದಲ್ಲಿ ಮರ ಕೊಯ್ಯುವ ಮಿಷನ್ನು ಓಡುತ್ತಿತ್ತು. ಭಾರತಮ್ಮ ಬಿದ್ದ ಮರದ ಪಕ್ಕ ನಿಂತಿದ್ದಳು, ಮೌನಿಕಾ ಬೇಲಿಯಾಚೆ. ಅಶ್ವತ್ಥಪ್ಪ ಕಡ್ಡಿ, ಕಾಲುಚೀಲ, ಅಧಿಕಾರಿಗೆ ಹೇಳಿದ ಸುಳ್ಳು, ಒಂದನ್ನೂ ಬಿಡದೆ ಒಪ್ಪಿಕೊಂಡ.

"ಅವಳ ಕಾಲ್ಗುಣ ಅಲ್ಲಮ್ಮ. ನಾನು ತಂದ ರೋಗ. ಅವಳಿಗೇನೂ ಗೊತ್ತಿಲ್ಲ."

ಮಿಷನ್ನು ನಿಂತಿತು. ಅಶ್ವತ್ಥಪ್ಪನ ಎದೆ ಸ್ವಲ್ಪ ಹಗುರವಾಯಿತು.

"ಹಂಗಾದ್ರೆ ನಾನಂದಿದ್ದು ನಿಜಾನೇ ಆಯ್ತಲ್ಲ ಬೀಗ್ರೇ" ಎಂದಳು ಭಾರತಮ್ಮ. "ನಾನು ಬರೀ ಕಾಲು ಅಂದ್ಕೊಂಡಿದ್ದೆ. ಇವಳು ಮಡಿಲಲ್ಲೇ ಕಟ್ಕೊಂಡ್ ಬಂದು ಕೈಯಾರೆ ನೆಟ್ಟವಳೆ. ಹೆಂಗೂ ಬಂದಿದ್ದೀರಿ, ಕರ್ಕೊಂಡು ಹೋಗಿ."

ಅಶ್ವತ್ಥಪ್ಪ ಬೇಲಿಯ ಕಡೆ ತಿರುಗಿದ. ಮೌನಿಕಾ ಅಳುತ್ತಿರಲಿಲ್ಲ.

"ನೀನು ಕೊಟ್ಟಿದ್ದು ಅಂತ ಆ ಗಿಡಕ್ಕೆ ದಿನಾ ನೀರು ಹೊಯ್ತಿದ್ದೆನಪ್ಪ" ಎಂದಳು.