ಕನ್ನಡಿಗೆ ಬೆನ್ನು ಹಾಕಿ

ಕತ್ತರಿಯಜ್ಜನಿಗೆ ಎಪ್ಪತ್ತೊಂದು. ಐವತ್ತು ವರ್ಷದಿಂದ ಒಂದೇ ಕಟಿಂಗ್ ಶಾಪಿನಲ್ಲಿ ನಿಂತು ಊರಿನ ತಲೆಗಳನ್ನೆಲ್ಲ ತಿದ್ದಿದವರು. ಎರಡು ತಿಂಗಳಲ್ಲಿ ಬಚ್ಚಲಲ್ಲಿ ನಾಲ್ಕು ಸಲ ಬಿದ್ದಿದ್ದರು. ಅದಕ್ಕೇ ಮಗ ಹಟ ಹಿಡಿದಿದ್ದ: ಶನಿವಾರ ಅಂಗಡಿಗೆ ಬೀಗ, ಕುರ್ಚಿ ಇನ್ಯಾರದೋ ಪಾಲು. ಅವನದೂ ತಪ್ಪಲ್ಲ ಅನ್ನಿ. ಕೈಯಲ್ಲಿ ಕ್ಷೌರದ ಕತ್ತಿ ಹಿಡಿದು ಬೀಳುವವರಿಗೆ ಯಾರು ತಾನೇ ಕತ್ತು ಕೊಟ್ಟಾರು?

ಫಿಸಿಯೋ ಮೇಡಂ ಕೈಗೆ ಬಂದ ಡಾಕ್ಟರ ಚೀಟಿಯಲ್ಲಿ ‘ವಯಸ್ಸಿನ ನಿಶ್ಶಕ್ತಿ, ಕಾಲಿಗೆ ವ್ಯಾಯಾಮ’ ಎಂದಿತ್ತು. ಸರಿ, ಮೂರು ವಾರ ವ್ಯಾಯಾಮ ಮಾಡಿಸಿದರು. ಮೇಡಂದು ಒಂದು ಪದ್ಧತಿ: ಯಾರೇ ಬರಲಿ, ಗೋಡೆಯಗಲದ ಕನ್ನಡಿಯ ಎದುರು ನಿಲ್ಲಿಸುವುದು. ತನ್ನ ತಪ್ಪು ತನಗೇ ಕಂಡರೆ ಅರ್ಧ ಪಾಠ ಮುಗಿದ ಹಾಗೆ ಎಂದು ಹನ್ನೆರಡು ವರ್ಷದಿಂದ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದರು. ಅಜ್ಜನೋ, ಕನ್ನಡಿ ಕಂಡರೆ ಸಾಕು, ಮದುಮಗನ ಹಾಗೆ ಎದೆಯುಬ್ಬಿಸಿ ನಿಂತುಬಿಡುತ್ತಿದ್ದರು. ಕೂತು ಏಳಿ ಎಂದರೆ ಇಪ್ಪತ್ತು ಸಲ ಏಳುತ್ತಿದ್ದರು.

ಗುರುವಾರ ಸೊಸೆಯ ಜೊತೆ ಬಂದಾಗ ಅಜ್ಜನ ಹಣೆಯ ಮೇಲೆ ಹೊಸ ಪಟ್ಟಿಯಿತ್ತು.

“ಮತ್ತೆ ಬಿದ್ರಾ ಅಜ್ಜ?”

“ಛೇ, ನೆಲ ಎಷ್ಟು ತಣ್ಣಗಿದೆ ಅಂತ ನೋಡ್ದೆ.”

ಸೊಸೆಗೆ ನಗು ಬರಲಿಲ್ಲ. “ನಾಡಿದ್ದು ಅಂಗಡಿ ಹೋಗತ್ತೆ ಮೇಡಂ. ಅದು ಹೋದ್ರೆ ಮಾವ ಉಳಿಯಲ್ಲ, ನಂಗೊತ್ತು.”

ಮೇಡಂ ಅಜ್ಜನ ಕಾಲನ್ನು ಮತ್ತೊಮ್ಮೆ ಮುಟ್ಟಿ ಪರೀಕ್ಷಿಸಿದರು. ಕಾಲು ನೋಡಿದರೆ ಕಂಬ. ಮತ್ತೆ ಬೀಳುವುದೇಕೆ? ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಈಗ ಕೇಳಿದರು: “ಬೀಳೋ ಹೊತ್ತಲ್ಲಿ ಏನ್ ಮಾಡ್ತಿರ್ತಾರೆ?”

“ಮುಖ ತೊಳೀತಿರ್ತಾರೆ. ಐದು ಸಲಾನೂ ಮುಖದ ತುಂಬಾ ಸೋಪು. ಜಾರ್ತಾರೆ ಅಂತ ರಬ್ಬರ್ ಮ್ಯಾಟ್ ಹಾಕ್ಸಿದ್ವಿ, ಅದರ ಮೇಲೂ ಬಿದ್ರು.”

ಬರೆಯುತ್ತಿದ್ದ ಪೆನ್ನು ನಿಂತಿತು. ಮುಖಕ್ಕೆ ಸೋಪು ಹಚ್ಚಿದವರು ಕಣ್ಣು ಮುಚ್ಚುತ್ತಾರೆ.

“ಅಜ್ಜ, ಕನ್ನಡಿಗೆ ಬೆನ್ನು ಹಾಕಿ ನಿಲ್ಲಿ. ಪಾದ ಜೋಡಿಸಿ. ಈಗ ಕಣ್ಣು ಮುಚ್ಚಿ.”

ಮೂರು ಎಣಿಸುವಷ್ಟರಲ್ಲಿ ಅಜ್ಜ ಬುಡ ಕಡಿದ ಬಾಳೆಯ ಹಾಗೆ ವಾಲಿದರು. ಮೇಡಂ ತಬ್ಬಿ ಹಿಡಿದರು. ಕಣ್ಣು ಬಿಟ್ಟದ್ದೇ ತಡ, ಅಜ್ಜ ಮತ್ತೆ ನೆಟ್ಟಗೆ ನಿಂತರು.

ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಮೇಲೆತ್ತಿದರು. “ಬೆರಳು ಮೇಲಿದೆಯೋ, ಕೆಳಗಿದೆಯೋ?”

“ಕೆಳಗೆ.”

ಕೆಳಗೆ ಬಾಗಿಸಿದರು. “ಈಗ?”

“ಅಲ್ಲೇ ಇದೆಯಲ್ಲ, ಎಲ್ಲಿಗ್ ಹೋಗತ್ತೆ?”

ಮೇಡಂ ಸ್ಟೂಲು ಎಳೆದುಕೊಂಡು ಕೂತರು. “ಕಾಲಲ್ಲಿ ಶಕ್ತಿ ಇದೆ ಕಣಮ್ಮ. ಕಾಲು ಎಲ್ಲಿದೆ ಅನ್ನೋ ಸುದ್ದಿ ತಲೆಗೆ ಮುಟ್ತಿಲ್ಲ. ಇವ್ರು ಕಣ್ಣಿನ ಆಧಾರದಲ್ಲಿ ನಿಲ್ತಿದ್ದಾರೆ. ಅಂಗಡೀಲೂ ಕನ್ನಡಿ, ನನ್ನ ಹತ್ರಾನೂ ಕನ್ನಡಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದೆ ನಾನು. ತಪ್ಪು ನಂದೇ, ಅಜ್ಜ.”

ಹೇಳುವಾಗ ನಾಚಿಕೆಯಾಯಿತು, ಹೇಳಿದ ಮೇಲೆ ಹಗುರಾಯಿತು. ಆಗಲೇ ಡಾಕ್ಟರಿಗೆ ಪತ್ರ ಬರೆದು, ರಕ್ತದಲ್ಲಿ ಬಿ-ಹನ್ನೆರಡು ವಿಟಮಿನ್ ನೋಡಿ ಎಂದರು. ಮರುದಿನ ಉತ್ತರ ಬಂತು: ತಳ ಕಂಡಿದೆ. ಇಂಜೆಕ್ಷನ್ ಶುರುವಾಯಿತು.

ಶನಿವಾರ ಮೇಡಂ ಅಂಗಡಿಗೇ ಹೋದರು. ಮಗ ಬೀಗ ಹಿಡಿದು ನಿಂತಿದ್ದ.

“ಪೂರ್ತಿ ವಾಸಿ ಆಗತ್ತಾ ಮೇಡಂ?”

“ಮಾತು ಕೊಡಕ್ಕಾಗಲ್ಲ. ತಿಂಗಳುಗಟ್ಟಲೆ ಹಿಡಿಯತ್ತೆ. ಅಲ್ಲೀವರೆಗೂ ಮುಖ ತೊಳೆಯೋದು ಕೂತ್ಕೊಂಡು. ಕೆಲಸಾನೂ ಎತ್ತರದ ಸ್ಟೂಲ್ ಮೇಲೆ, ಕತ್ತರಿ ಮಾತ್ರ. ಕಣ್ಣು ಮುಚ್ಚಿ ಮೂವತ್ತು ಎಣಿಸೋವರೆಗೂ ನಿಂತ್ರೆ, ಆಮೇಲೆ ಕತ್ತಿ.”

ಮಗ ಬೀಗವನ್ನು ಜೇಬಿಗಿಳಿಸಿದ.

ಐದು ತಿಂಗಳ ಮೇಲೆ ಒಂದು ಬೆಳಿಗ್ಗೆ ಅಜ್ಜ ತಮ್ಮ ಅಂಗಡಿಯಲ್ಲೇ ಕನ್ನಡಿಗೆ ಬೆನ್ನು ಹಾಕಿ, ಪಾದ ಜೋಡಿಸಿ, ಕಣ್ಣು ಮುಚ್ಚಿದರು. ಮೇಡಂ ಕೈ ಚಾಚಿಕೊಂಡು ಪಕ್ಕದಲ್ಲೇ ನಿಂತರು. ಮಗ ಎಣಿಸಿದ. ಇಪ್ಪತ್ತರ ಹತ್ತಿರ ಅಜ್ಜ ಸ್ವಲ್ಪ ತೂಗಾಡಿ ಸಾವರಿಸಿಕೊಂಡರು. ಮೂವತ್ತಾಯಿತು.

“ಇನ್ನೂ ಎಣ್ಸೋ, ಯಾಕೆ ನಿಲ್ಲಿಸ್ದೆ?” ಎಂದರು ಅಜ್ಜ.

ಮಗ ಕುರ್ಚಿಯಲ್ಲಿ ಕೂತ, ತಾನೇ ಕೆನ್ನೆಗೆ ನೊರೆ ಹಚ್ಚಿಕೊಂಡ. ಅಜ್ಜ ಕತ್ತಿ ತೆಗೆದುಕೊಂಡು ಬಂದಾಗ ಅವನು ಕಣ್ಣು ಮುಚ್ಚಿ ಕತ್ತು ಎತ್ತಿದ.