ತೋಲ್ಮಿನೊದ ನಿಲುಗಡೆ

ಮದ್ದೂರಿನಲ್ಲಿ ರೈಲಿಗೆ ಹತ್ತಿ ವಡೆ ಮಾರುವ ಹೊನ್ನಪ್ಪನ ಮಗಳು ನಾನು, ಚಿನ್ಮಯಿ. ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಕುಳಿತು ತೋಲ್ಮಿನೊ ಎಂಬ ರಷ್ಯಾದ ಪುಟ್ಟ ರೈಲ್ವೆ ಊರಿನ ಆರ್ಥಿಕತೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. “ಅಲ್ಲಮ್ಮಾ, ರೈಲಲ್ಲಿ ತಿಂಡಿ ಮಾರೋರ ಬಗ್ಗೆ ತಿಳ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?” ಎಂದು ಅಪ್ಪ ಫೋನಿನಲ್ಲಿ ರೇಗಿಸುತ್ತಿದ್ದರು.

ಆ ಊರು ಹುಟ್ಟಿದ್ದೇ ಉಗಿಬಂಡಿಗಾಗಿ. ಎಂಜಿನ್ನಿಗೆ ನೀರು ತುಂಬಬೇಕಿತ್ತು, ದಣಿದ ಎಂಜಿನ್ ಬಿಚ್ಚಿ ಬೇರೆಯದನ್ನು ಜೋಡಿಸಬೇಕಿತ್ತು. ಅದಕ್ಕೊಂದು ಶೆಡ್ಡು ಬಂತು, ಶೆಡ್ಡಿನವರಿಗೆ ಮನೆ, ಶಾಲೆ, ಆಸ್ಪತ್ರೆ ಬಂದವು. ಕರೆಂಟಿನ ರೈಲು ಬಂದ ಮೇಲೆ ಎಂಜಿನ್ ಬದಲಿಸುವ ಕೆಲಸವೇ ಉಳಿಯಲಿಲ್ಲ. ಶೆಡ್ಡಿಗೆ ಬೀಗ ಬಿತ್ತು, ಗಂಡಸರು ಗುಳೆ ಹೋದರು. ಆದರೂ ಹಳೆಯ ರೂಢಿಯಂತೆ ದೂರದ ರೈಲುಗಳು ಅಲ್ಲಿ ಅರ್ಧ ಗಂಟೆ ನಿಲ್ಲುತ್ತಿದ್ದವು. ಹೆಂಗಸರು ಬೇಯಿಸಿದ ಆಲೂಗಡ್ಡೆ, ಹೊಗೆಯಲ್ಲಿ ಒಣಗಿಸಿದ ಮೀನು ಹಿಡಿದು ಪ್ಲಾಟ್‌ಫಾರ್ಮಿಗೆ ಓಡುತ್ತಿದ್ದರು. ಇಡೀ ಊರಿನ ಹೊಟ್ಟೆ ತುಂಬುತ್ತಿದ್ದುದು ಆ ಅರ್ಧ ಗಂಟೆಯಿಂದ.

೨೦೧೬ರ ಹೊಸ ವೇಳಾಪಟ್ಟಿಯಲ್ಲಿ ಆ ನಿಲುಗಡೆಯೇ ಇರಲಿಲ್ಲ. ನೋಡಿ ಸಂಕಟವಾಯಿತು. ಅಡಿಲೇಡಿನ ಕಿಲ್ಬರ್ನ್‌ನಲ್ಲಿದ್ದ ನೀನಾ ಆಂಟಿಗೆ ಫೋನ್ ಮಾಡಿದೆ. ಅವರು ತೋಲ್ಮಿನೊದವರೇ, ಸಂಶೋಧನೆಯ ಕೆಲಸದಲ್ಲಿ ಪರಿಚಯವಾದವರು; ಅವರ ಅಕ್ಕ ಝೋಯಾ ಇನ್ನೂ ಅಲ್ಲೇ ಆಲೂಗಡ್ಡೆ ಮಾರುತ್ತಿದ್ದರು. ಆಂಟಿ ಅಳಲಿಲ್ಲ. “ಒಳ್ಳೇದೇ ಆಯ್ತು ಬಿಡು. ಇನ್ನಾದ್ರೂ ನನ್ನ ಹತ್ರ ಬರ್ತಾಳೆ,” ಎಂದರು. ಪರ್ತ್‌ನ ವಿಲೆಟನ್‌ನಲ್ಲಿದ್ದ ಅವರ ಮಗ ದೊಡ್ಡಮ್ಮನಿಗೆ ಟಿಕೆಟ್ ಕಳಿಸಿದ.

ಝೋಯಾ ಬಂದರು. ನನ್ನ ಕೊನೆಯ ಅಧ್ಯಾಯಕ್ಕೆ ಅವರ ಮಾತು ಬೇಕಿತ್ತು, ನಾನೂ ಅಡಿಲೇಡಿಗೆ ಹೋದೆ. ಮನೆಯಲ್ಲಿ ಅವರಿರಲಿಲ್ಲ. “ದಿನಾ ಇದೇ ಗೋಳು, ಮರ್ಯಾದೆ ತೆಗೀತಾಳೆ. ಇಲ್ಲಿ ಉಳೀತಾಳೋ ಇಲ್ವೋ ನಂಗಂತೂ ಗೊತ್ತಾಗ್ತಿಲ್ಲ,” ಎಂದು ಗೊಣಗುತ್ತಲೇ ನೀನಾ ಆಂಟಿ ನನ್ನನ್ನು ಕಿಲ್ಬರ್ನ್ ಸ್ಟೇಷನ್ನಿಗೆ ಕರೆದೊಯ್ದರು.

ಝೋಯಾ ಅಲ್ಲಿ ಬಿಸಿ ಆಲೂಗಡ್ಡೆಯ ಪಾತ್ರೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ರೈಲು ಬಂತು, ಬಾಗಿಲು ತೆರೆಯಿತು. ಅವರು ಮುಚ್ಚಳ ತೆಗೆದು ಏನೋ ಕೂಗಿದರು. ಇಳಿದವರು ಇಯರ್‌ಫೋನ್ ಸಿಕ್ಕಿಸಿಕೊಂಡೇ ಪಕ್ಕಕ್ಕೆ ಸರಿದು ಹೋದರು. ಅವರು ಇನ್ನೊಮ್ಮೆ ಕೂಗುವಷ್ಟರಲ್ಲಿ ಬಾಗಿಲು ಮುಚ್ಚಿತು. ಒಬ್ಬರಾದರೂ ಒಂದು ಕೊಂಡಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು ಎಂದು ನನಗೆ ಕೆಟ್ಟ ಸಿಟ್ಟು ಬಂತು. ಪರ್ಸ್ ತೆಗೆದು ನಾನೇ ನೋಟು ಚಾಚಿದೆ.

ಝೋಯಾ ಕೈ ಹಿಂದಕ್ಕೆಳೆದುಕೊಂಡರು. ಅವರ ರಷ್ಯನ್ ಮಾತನ್ನು ನೀನಾ ಆಂಟಿ ನನಗೆ ಇಂಗ್ಲಿಷಿನಲ್ಲಿ ಹೇಳಿದರು. “ನೀನು ರೈಲಿಂದ ಇಳಿದವಳಲ್ವಂತೆ, ಅವಳನ್ನ ನೋಡಿ ಅಯ್ಯೋ ಪಾಪ ಅಂದವಳಂತೆ. ಬೇಕಾದ್ರೆ ಮನೇಲಿ ಬಡಿಸ್ತೀನಿ, ಮಾರಲ್ಲ ಅಂತಾಳೆ. ಊರಿಗೆ ವಾಪಸ್ ಹೋಗ್ಬೇಕಂತೆ.”

“ಅಲ್ಲಿ ರೈಲೇ ನಿಲ್ಲಲ್ವಲ್ಲ, ಹೇಳಿ ಆಂಟಿ,” ಎಂದೆ.

ಝೋಯಾ ಪಾತ್ರೆಯ ಮುಚ್ಚಳ ಮುಚ್ಚುತ್ತ, ತಂಗಿಯ ಮುಖ ನೋಡದೆ ಉತ್ತರ ಕೊಟ್ಟರು. ನೀನಾ ಆಂಟಿ ಅಕ್ಕನ ಕೈಯಿಂದ ಪಾತ್ರೆ ತೆಗೆದುಕೊಂಡು ಅದನ್ನು ನನಗೆ ಹೇಳಿದರು.

“ಗೊತ್ತಂತೆ. ಆದ್ರೆ ಅಲ್ಲಿ ರೈಲು ನಿಲ್ಲದೆ ಹೋದಾಗ ಜೊತೇಲಿ ನಿಂತು ಬೈಯೋಕೆ ಇನ್ನೂ ನಾಲ್ಕು ಜನ ಇರ್ತಾರಂತೆ.”